ಎಲ್ಲಾ ದಾರೀಲೇ ಇದೆ

ಮೈಸೂರಿನ ಪ್ರತಿ ಮದುವೆಯಲ್ಲೂ ಒಬ್ಬರು ಮಾವ ಇರುತ್ತಾರೆ. ಯಾರಿಗೆ ಮಾವ ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹುಡುಗಿಯ ತಾಯಿಗೆ ದೊಡ್ಡಮ್ಮನ ಮಗನೋ, ತಂದೆಗೆ ಭಾವನೋ ಏನೋ ಆಗಬೇಕು. ಅಡುಗೆ ಭಟ್ಟರ ಅಡ್ವಾನ್ಸು, ಓಲಗದವರ ಊಟ, ಹೂವಿನವನ ಜಗಳ ಇವು ಯಾವುವೂ ಅವರ ಖಾತೆಯಲ್ಲ. ಪರವೂರಿನ ನೆಂಟರಿಗೆ ಮೈಸೂರು ತೋರಿಸುವುದೊಂದೇ ಅವರ ಖಾತೆ. ತೋರಿಸುವುದೆಂದರೆ ಜೊತೆಗೆ ಹೋಗುವುದು ಅಂದುಕೊಳ್ಳಬೇಡಿ. ಕಳಿಸುವುದು.

ಈಚೆಗೆ ಮಂಡಕಳ್ಳಿಯ ಒಂದು ಛತ್ರದಲ್ಲಿ ನಮ್ಮ ಮಾವನವರನ್ನು ಪೂರ್ತಿ ಎರಡು ದಿನ ಕಂಡೆ. ಬುಧವಾರ ಮುಹೂರ್ತ, ಮಂಗಳವಾರ ಸಂಜೆ ಏಳಕ್ಕೆ ರಿಸೆಪ್ಷನ್. ಗಂಡಿನ ಕಡೆಯವರು ಧಾರವಾಡದಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆಯೇ ಬಂದಿಳಿದಿದ್ದರು. ಸ್ನಾನ, ಉಪ್ಪಿಟ್ಟು, ಕೇಸರಿಬಾತು ಮುಗಿಯುವ ಹೊತ್ತಿಗೆ ಗಂಟೆ ಹತ್ತು. ಇನ್ನು ಸಂಜೆಯವರೆಗೆ ಐವತ್ತು ಜನ ಛತ್ರದಲ್ಲೇ ಕೂತರೆ ಗಂಟೆಗೊಂದು ಸಲ ಕಾಫಿ ಕೇಳುತ್ತಾರೆ. ಭಟ್ಟರು ಆಗಲೇ ಬಾಗಿಲಲ್ಲಿ ನಿಂತು ಮುಖ ಊದಿಸಿಕೊಂಡಿದ್ದರು. ಮಾವ ಎದ್ದರು. ಮಿಕ್ಕಿದ ಲಗ್ನಪತ್ರಿಕೆಗಳ ಲಕೋಟೆ ಹರಿದು, ಹಿಂದೆ ರೂಟು ಬರೆದು, ಹಂಚತೊಡಗಿದರು.

ಮಂಡಕಳ್ಳಿ ಇರುವುದು ನಂಜನಗೂಡು ರಸ್ತೆಯಲ್ಲಿ. ಉತ್ತರಕ್ಕೆ ಹೊರಟರೆ ಮೈಸೂರು ಪೇಟೆ, ದಕ್ಷಿಣಕ್ಕೆ ಹೊರಟರೆ ನಂಜನಗೂಡು, ಎರಡೂ ಹತ್ತು ಹನ್ನೆರಡು ಕಿಲೋಮೀಟರಿನ ಆಸುಪಾಸು. ಸಾಮಾನ್ಯ ಮನುಷ್ಯನಿಗೆ ಇವು ಎರಡು ದಿಕ್ಕು. ಮಾವನಿಗೆ ಎರಡೂ ಒಂದೇ ದಾರಿ.

“ಮೊದಲು ನಂಜನಗೂಡಲ್ಲಿ ಶ್ರೀಕಂಠೇಶ್ವರನ ದರ್ಶನ ಮಾಡ್ಕೊಂಬಿಡಿ ಬೀಗ್ರೇ, ದಾರೀಲೇ ಇದೆ. ಹಾಗೇ ಬೆಟ್ಟ. ಹಾಗೇ ಅರಮನೆ. ಅಲ್ಲಿಂದ ಶ್ರೀರಂಗಪಟ್ಟಣ, ಸೋಮನಾಥಪುರ. ತಲಕಾಡು ಬೇಕಂದ್ರೆ ಅದೂ ದಾರೀಲೇ. ಒಂದೊಂದಕ್ಕೆ ಅರ್ಧ ಗಂಟೆ, ಹೆಚ್ಚು ಬೇಡ.”

ಈ ಅರ್ಧ ಗಂಟೆ ಮಾವ ಲ್ಯಾಂಬ್ರೆಟಾ ಓಡಿಸುತ್ತಿದ್ದ ಕಾಲದ್ದು. ಆಗ ಊರಿನ ಈ ತುದಿಯಿಂದ ಆ ತುದಿಗೆ ಬ್ರೇಕು ಮುಟ್ಟದೆ ಹೋಗಬಹುದಿತ್ತಂತೆ.

ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಆ ಲಕೋಟೆಗಳನ್ನು ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ: ನೆಂಟಸ್ತಿಕೆಯ ತೂಕ ನೋಡಿಯೇ ಮಾವ ಜಾಗ ಹಂಚುವುದು. ಬೀಗರಿಗೆ ಟೆಂಪೊ ಟ್ರಾವೆಲರ್, ಜೊತೆಗೆ 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಸೋಮನಾಥಪುರ. ಹುಡುಗಿಯ ತಂದೆಯ ಆಫೀಸಿನವರಿಗೆ ಅರಮನೆ. ಮೊಣಕಾಲು ನೋವಿನ ಅತ್ತೆಯರಿಗೆ ಇಲ್ಲೇ ದತ್ತಪೀಠದ ಶುಕವನ, ಗಿಳಿ ನೋಡಿಕೊಂಡು ಊಟದ ಹೊತ್ತಿಗೆ ವಾಪಸ್ಸು. ದಾಯಾದಿಗಳಿಗೆ ಚಾಮುಂಡಿ ಬೆಟ್ಟ, ಅದೂ ಮೆಟ್ಟಿಲ ಮೇಲೆ. “ಸಾವಿರ ಮೆಟ್ಲು ಕಣಯ್ಯಾ, ಹತ್ತಿದ್ರೆ ಪುಣ್ಯ. ಮಧ್ಯದಲ್ಲಿ ನಂದಿ ಸಿಗ್ತಾನೆ, ಅಲ್ಲಿ ಉಸಿರು ಬಿಡು.” ಆಸ್ತಿ ವ್ಯಾಜ್ಯ ಇನ್ನೂ ಮುಗಿದಿರಲಿಲ್ಲ.

ಒಂದು ದಂಪತಿಗೆ, ಎರಡು ಮಕ್ಕಳಿದ್ದವು, ಮೃಗಾಲಯ ಬರೆದುಕೊಟ್ಟರು. “1892ರದ್ದು, ಮಹಾರಾಜರು ಮಾಡಿಸಿದ್ದು” ಎಂದು ಇಸವಿ ಸಮೇತ ಹೇಳಿದರು. ಮಂಗಳವಾರ ಅದಕ್ಕೆ ರಜೆ ಅನ್ನುವುದನ್ನು ಹೇಳಲಿಲ್ಲ. ಮುಚ್ಚಿದ ಗೇಟಿನ ಮುಂದೆ ಸೌತೆಕಾಯಿ ತಿಂದು ಬಂದ ಮಕ್ಕಳು ಮಧ್ಯಾಹ್ನ ಛತ್ರದ ಹಿಂದೆ ವಿಮಾನ ಇಳಿಯುವುದನ್ನು ಕಾಯುತ್ತಾ ಕೂತವು. ನಮ್ಮ ಮಂಡಕಳ್ಳಿಯ ರನ್‌ವೇ 1740 ಮೀಟರು, ಸಣ್ಣ ವಿಮಾನಕ್ಕಷ್ಟೇ ಸಾಕು. ಉದ್ದ ಮಾಡೋಣವೆಂದರೆ ಹೆದ್ದಾರಿ, ಅದರ ಪಕ್ಕ ರೈಲು ಹಳಿ. ಮಾವನ ದಾರಿಗೆ ಅಡ್ಡ ಬಂದದ್ದು ಯಾವುದೂ ಇಲ್ಲ. ವಿಮಾನಕ್ಕೆ ಮಾತ್ರ ದಾರಿಯೇ ಅಡ್ಡ.

ಅರಮನೆಯ ವಿಷಯಕ್ಕೆ ಬಂದರೆ ಮಾವನಿಗೆ ಆವೇಶ. “ಹಳೇ ಅರಮನೆ ಮರದ್ದು ಬೀಗ್ರೇ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿ ಮದುವೇಲಿ ಬೆಂಕಿ ಬಿತ್ತು ನೋಡಿ, ಧಗಧಗ ಅಂತ...”

“ರೀ! ಮದುವೆ ಮನೇಲಿ ಬೆಂಕಿ ಮಾತು ಯಾಕ್ರೀ?” ಅತ್ತೆ ಹಿಂದಿನಿಂದ ಗದರಿದರು.

ಮಾವ ಒಂದು ಕ್ಷಣ ತಡವರಿಸಿ, ಕಥೆಯನ್ನು ಹದಿನೈದು ವರ್ಷ ಮುಂದಕ್ಕೆ ಹಾರಿಸಿದರು. 1912ರಲ್ಲಿ ಹೊಸ ಅರಮನೆ ಮುಗಿದದ್ದು, ಅದರ ಕಲ್ಯಾಣ ಮಂಟಪದ ನವಿಲು ಬಣ್ಣದ ಗಾಜು, ಆ ರಾಜಕುಮಾರಿಗೆಂದೇ ಕಟ್ಟಿಸಿದ, ಈಗ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ, ಎಲ್ಲವೂ ಬಂದವು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಲೇಬೇಕು, ರವಿವರ್ಮನದು, ಎಂದರು.

ಬೀಗರ ಗುಂಪಿನಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರಿದ್ದರು. “ಅದು ರವಿವರ್ಮಂದಲ್ರೀ, ಹಲ್ದಣಕರ ಅವರು ಬರದಿದ್ದು.”

“ರವಿವರ್ಮಂದೂ ಅಲ್ಲೇ ಇವೆ” ಎಂದರು ಮಾವ, ಕಣ್ಣು ಮಿಟುಕಿಸದೆ. “ದಾರೀಲೇ.”

ನಾನು ಮೆಲ್ಲಗೆ ಕೇಳಿದೆ: “ನೀವು ಕೊನೇ ಸಲ ಅರಮನೆ ಒಳಗೆ ಹೋಗಿದ್ದು ಯಾವಾಗ ಮಾವ?”

“ಏಳನೇ ಕ್ಲಾಸು. ಟೂರ್ ಹಾಕಿದ್ರು.” ಸೋಮನಾಥಪುರದ ಬಗ್ಗೆ ಕೇಳುವಷ್ಟರಲ್ಲಿ ಸಾರಿಗೆ ಉಪ್ಪು ನೋಡಲು ಅಡುಗೆಮನೆಗೆ ಹೋಗಿಬಿಟ್ಟರು. ಅವರನ್ನು ದೂರಿ ಪ್ರಯೋಜನವಿಲ್ಲ. ನಾನೂ ಮೈಸೂರಿನವನೇ, ನೆಂಟರು ಬಾರದೆ ಬೆಟ್ಟ ಹತ್ತಿದ್ದು ನೆನಪಿಲ್ಲ.

ಸಂಜೆ ಆರೂವರೆಯಾಯಿತು. ಓಲಗದವರು ಶ್ರುತಿ ಹಿಡಿದರು. ಮದುಮಗ ಸೂಟು ಹಾಕಿಕೊಂಡು ನಿಂತಿದ್ದಾನೆ, ಅವನ ತಂದೆ ತಾಯಿ ಇಲ್ಲ. ಮಾವ ಗೇಟಿನ ಬಳಿ ನಿಂತು ಫೋನಿಗೆ “ಎಲ್ಲಿದ್ದೀರಿ?” ಎಂದು ಕೂಗುತ್ತಿದ್ದರು. ಎಂಟಕ್ಕೆ ಐದು ನಿಮಿಷವಿರುವಾಗ ಟೆಂಪೊ ಬಂತು. ನಂಜನಗೂಡಿನಲ್ಲಿ ಕ್ಯೂ, ಬೆಟ್ಟದಲ್ಲಿ ಮಂಗಳವಾರದ ಜನ. ಆಮೇಲೆ ದೇವರಾಜ ಮಾರುಕಟ್ಟೆ. ಬೀಗಿತಿಯವರು ಮಲ್ಲಿಗೆ ಕೊಳ್ಳಲು ಇಳಿದವರು ಈರನಗೆರೆ ಬದನೆಕಾಯಿ ಕಂಡರಂತೆ. ಎಣ್ಣೆಗಾಯಿಗೆ ಇದಾದೀತೇ, ನಮ್ಮ ಕಡೆಯ ಮುಳ್ಳುಗಾಯಿಯೇ ವಾಸಿಯೇ ಎಂಬ ವಿಚಾರ ಎರಡು ಗಂಟೆ ನಡೆಯಿತು. ಸೋಮನಾಥಪುರದ ಹೊಯ್ಸಳರ ಕೇಶವ ದೇವಾಲಯವನ್ನು ಬದನೆಕಾಯಿ ನುಂಗಿಹಾಕಿತು.

ಬೀಗರು ಇಳಿದು, ಬೆವರೊರೆಸಿಕೊಂಡು, ನಗುತ್ತಲೇ ಅಂದರು: “ಎಲ್ಲಾ ದಾರ್ಯಾಗ ಐತಿ ಅಂದ್ರಿ. ಆದ್ರ ದಾರೀನ ಮುಗಿಯೂದಿಲ್ಲಲ್ಲರೀ!”

ಮಾವ ಆ ರಾತ್ರಿ ಪಂಕ್ತಿಯಲ್ಲಿ ಹೋಳಿಗೆ ಬೇಡವೆಂದರು.

ಮರುದಿನ ಧಾರೆಯಾಗಿ, ಊಟವಾಗಿ, ಬೀಳ್ಕೊಡುವ ಹೊತ್ತು. ಬೀಗರು ಮಾವನ ಕೈ ಹಿಡಿದುಕೊಂಡರು. “ನೀವು ಇನ್ನ ನಮ್ಮ ಕಡೆ ಬರಬೇಕ್ರೀ. ಬದಾಮಿ, ಪಟ್ಟದಕಲ್ಲು, ಐಹೊಳೆ, ಹಂಪಿ. ಎಲ್ಲಾ ದಾರ್ಯಾಗನ ಅವ.”

ಮಾವ ಜೇಬು ತಡಕಿ ಒಂದು ಲಕೋಟೆ ತೆಗೆದರು. ಪೆನ್ನಿನ ಕ್ಯಾಪು ಬಿಚ್ಚಿ, ಬರೆಯುವ ಮೊದಲು, ತುಸು ಅನುಮಾನದಿಂದ ಕೇಳಿದರು:

“ಮಂಗಳವಾರ ತೆಗೆದಿರ್ತಾರಾ?”