ಘಟ್ಟದ ನರ್ಸಿಂಗ್ ವಿದ್ಯಾರ್ಥಿಗಳ ಪ್ರಭೇದ ವಿಚಾರ

ಚಿಕಿತ್ಸೆಗೆ ನಾಲ್ಕು ಪಾದಗಳು ಎನ್ನುತ್ತದೆ ಚರಕಸಂಹಿತೆಯ ಸೂತ್ರಸ್ಥಾನ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಮತ್ತೆ ನಾಲ್ಕು ಗುಣಗಳು: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ. ರೆಕಾರ್ಡ್ ಬುಕ್ಕಿಗೆ ಮೇಡಂ ಸಹಿ ಹಾಕಿಸಿಕೊಳ್ಳುವ ಐದನೆಯ ಗುಣವನ್ನು ಚರಕರು ಬಿಟ್ಟಿದ್ದಾರೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯಿಂದ ವರ್ಷವರ್ಷವೂ ಹಾಸಿಗೆ ಸುತ್ತಿಕೊಂಡು ಹಾಸ್ಟೆಲಿಗೆ ಹೊರಡುವ ಮಕ್ಕಳಿಗೆ ಬೇಕಾದದ್ದು ಅದೇ ಆದ್ದರಿಂದ, ಆ ಲೋಪವನ್ನು ತುಂಬಲು ಈ ಶಾಸ್ತ್ರ ಹುಟ್ಟಿದೆ.

ಅಥ ವಿಂಗಡಣೆ. ಕಾಫಿ ಸೀಮೆಯ ಯಾವ ಪಂಡಿತನಿಗಾದರೂ ಇವರನ್ನು ಅರೇಬಿಕಾ, ರೋಬಸ್ಟಾ ಎಂದು ಎರಡು ಪಾಲು ಮಾಡುವ ಚಪಲ ಬರುತ್ತದೆ. ಅದು ನಿಲ್ಲುವ ವಾದವಲ್ಲ. ಸೇರಿದ ತಿಂಗಳಲ್ಲಿ ಎಲ್ಲರೂ ಅರೇಬಿಕಾ. ಒಂದು ವಾರ ನೈಟ್ ಡ್ಯೂಟಿ ಆದಮೇಲೆ ಎಲ್ಲರೂ ರೋಬಸ್ಟಾ.

ಕೋರ್ಸಿನ ಪ್ರಕಾರ ಭೇದ ಸರ್ವಸಮ್ಮತ. ಎಎನ್‌ಎಂ 2 ವರ್ಷ. ಜಿಎನ್‌ಎಂ 3 ವರ್ಷ. ಆರ್ಟ್ಸ್, ಕಾಮರ್ಸ್ ಓದಿದವರಿಗೂ ಬಾಗಿಲು ತೆರೆದಿದೆ. ಬಿಎಸ್ಸಿ ನರ್ಸಿಂಗ್ 4 ವರ್ಷ, ಈಗ 8 ಸೆಮಿಸ್ಟರ್. ಪಿಯುಸಿಯಲ್ಲಿ ಬಯಾಲಜಿ ಬೇಕೇ ಬೇಕು. ರಾಜ್ಯದ ಬಹುಪಾಲು ಕಾಲೇಜುಗಳು 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಊರಲ್ಲಿ ಮಾತ್ರ ಈ ಭೇದವೆಲ್ಲ ಲಯವಾಗುತ್ತದೆ. ಮೊದಲ ರಜೆಗೆ ಬಂದ ಹುಡುಗಿಯನ್ನು ಪಕ್ಕದ ಮನೆ ಅಜ್ಜಿ, ‘ಪುಟ್ಟೀ, ಸೊಂಟ ಹಿಡ್ಕಂಡದೆ, ಒಂದು ಇಂಜೆಕ್ಷನ್ ಚುಚ್ಚೇ ಮಾರಾಯ್ತಿ’ ಎಂದು ಕರೆಯುತ್ತಾಳೆ. ಹುಡುಗಿ ಅಷ್ಟರವರೆಗೆ ಕಲಿತದ್ದು ಬೆಡ್ ಹಾಸುವುದೊಂದೇ.

ದಿಕ್ಕಿನ ಪ್ರಕಾರ ಮತ್ತೊಂದು ಭೇದ. ಊರಿನ ಹತ್ತಿರವೇ ಉಳಿದು ಚಿಕ್ಕಮಗಳೂರು ಪೇಟೆಯಲ್ಲಿ ಓದುವವರು, ಹಾಸನ–ಬೆಂಗಳೂರಿನ ಬಯಲಿಗೆ ಹೋದವರು, ಘಟ್ಟ ಇಳಿದು ಮಂಗಳೂರು ಸೇರಿದವರು. ಮೂರನೆಯವರಲ್ಲಿ ಎರಡು ಒಳಪಂಗಡ: ಕೊಟ್ಟಿಗೆಹಾರದಿಂದ ಚಾರ್ಮಾಡಿಯಲ್ಲಿ ಇಳಿಯುವ ಮೂಡಿಗೆರೆಯವರು, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯುವ ಕಳಸದವರು. ಇಬ್ಬರಿಗೂ ಮೊದಲ ಕಾಯಿಲೆ ಸೆಕೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದಂಥ ಮಳೆಗಾಲದಲ್ಲಿ ‘ಘಾಟಿ ಬಂದ್ ಮೇಡಂ’ ಎಂಬ ರಜಾಚೀಟಿ ನಿಜವೇ ಆಗಿರುತ್ತದೆ. ಆದರೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮಕ್ಕೆ ಗುಡ್ಡ ಗೊತ್ತಿಲ್ಲ. ಪರೀಕ್ಷೆಗೆ ಕೂರಲು ಶೇ. 80 ಹಾಜರಿ, ಡಿಗ್ರಿ ಕೈಗೆ ಬರಬೇಕಾದರೆ ಕ್ಲಿನಿಕಲ್‌ನಲ್ಲಿ ನೂರಕ್ಕೆ ನೂರು. ತಪ್ಪಿದ ಡ್ಯೂಟಿಯನ್ನು ಉಳಿದವರು ಊರಿಗೆ ಹೊರಟಾಗ ತುಂಬಿಕೊಡಬೇಕು.

ಮೇಣದ ದೀಪ ಹಿಡಿದು ಪ್ರತಿಜ್ಞೆ ಮಾಡುವ ಲ್ಯಾಂಪ್ ಲೈಟಿಂಗ್ ಎಂಬ ಸಂಸ್ಕಾರದ ಬಗ್ಗೆ ಒಂದೇ ಟಿಪ್ಪಣಿ ಸಾಕು. ಅಂದು ಹೇಳಿಸುವ ನೈಟಿಂಗೇಲ್ ಪ್ರತಿಜ್ಞೆಯನ್ನು ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಯವರು ಬರೆದದ್ದು. ಬಿಳಿ ಯೂನಿಫಾರ್ಮಿನ ಮೇಲೆ ಬಿದ್ದ ಮೇಣ ತೆಗೆಯುವ ವಿಧಾನ ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಇನ್ನು ಶಾಸ್ತ್ರದ ತಿರುಳು: ರೆಕಾರ್ಡ್ ಕಾಂಡ. ಇಲ್ಲಿ ಮೂರು ಪ್ರಭೇದ. ಅಂದಿನದನ್ನು ಅಂದೇ ಬರೆಯುವವರು: ಅಪರೂಪ, ಕಂಡವರು ಕಡಿಮೆ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ವಾರ ಬರೆಯುವವರು: ಬಹುಸಂಖ್ಯಾತರು, ಕಣ್ಣು ಕೆಂಪಗಿದ್ದರೆ ಇವರೇ. ಸೀನಿಯರ್ ಪುಸ್ತಕ ತಂದು ಇಳಿಸುವವರು ಮೂರನೆಯವರು. ಇವರ ಕೇಸ್ ಸ್ಟಡಿಯಲ್ಲಿ ಹರ್ನಿಯಾ ಆಪರೇಷನ್ ಆದ 55 ವರ್ಷದ ಗಂಡಸಿನ ಮುಟ್ಟು ಕ್ರಮವಾಗಿದೆ, ಗರ್ಭಕೋಶವೂ ನಾರ್ಮಲ್ ಆಗಿದೆ. ಪೂರ್ವಪಕ್ಷದವರು ಕೇಳುತ್ತಾರೆ: ಬರೆದು ಬರೆದು ರೋಗಿಯನ್ನು ನೋಡುವುದು ಯಾವಾಗ? ಪ್ರಶ್ನೆ ನ್ಯಾಯವಾದದ್ದೇ. ಆದರೂ ಸಿದ್ಧಾಂತ ಇದು: ಮುಂಜಾನೆ ನಾಲ್ಕಕ್ಕೆ ನೋಡಿದ ನಾಡಿಯನ್ನು ಯಾರೂ ಬರೆದಿಡದಿದ್ದರೆ, ಎಂಟಕ್ಕೆ ಬರುವ ಡಾಕ್ಟರ ಪಾಲಿಗೆ ಅದು ನೋಡಿದ್ದೇ ಅಲ್ಲ. ಮೂರನೆಯ ಪ್ರಭೇದಕ್ಕೆ ಕ್ಷಮೆ ಇಲ್ಲ.

ಮನೆಮನೆಗೆ ಹೋಗುವ ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಈ ಮೇಲು ಕೀಳಿನ ಕ್ರಮ ತಲೆಕೆಳಗಾಗುತ್ತದೆ. ಪುಸ್ತಕ ಹೇಳುವಂತೆ, ಹೋದ ಮನೆಯಲ್ಲಿ ಚೀಲವನ್ನು ನೆಲಕ್ಕಿಡುವಂತಿಲ್ಲ. ಪೇಪರ್ ಹಾಸಬೇಕು, ಅದರ ಮೇಲೆ ಚೀಲ. ಸೋಪು ಟವೆಲ್ ತೆಗೆದು ಕೈ ತೊಳೆದು ಬಂದ ಮೇಲೆಯೇ ಒಳಗಿನ ಸಾಮಾನು ಮುಟ್ಟುವುದು. ತೋಟದ ಆಳುಗಳ ಲೈನ್ ಮನೆಯ ಜಗಲಿಯಲ್ಲಿ ಪೇಪರ್ ಹಾಸಿದರೆ ಮೊದಲು ಬಂದು ಕೂರುವುದು ಕೋಳಿ. ಅಜ್ಜಿ ಸ್ವೆಟರ್ ತೆಗೆಯಲು ಒಪ್ಪುವುದಿಲ್ಲ. ಅದರ ಮೇಲೆ ಬಿಪಿ ಪಟ್ಟಿ ಸುತ್ತಿದರೆ ಲೆಕ್ಕ ತಪ್ಪುತ್ತದೆ. ಹಣ್ಣು ಕೊಯ್ಲಿನ ದಿನಗಳಲ್ಲಿ ಹತ್ತು ಗಂಟೆಗೆ ಲೈನಿನಲ್ಲಿ ಮಕ್ಕಳು ಮತ್ತು ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಸಂಜೆ ಹೋದರೆ ಅರ್ಧ ಜನ ಅಸ್ಸಾಮಿನವರು. ಇಂಥಲ್ಲಿ ರ್‍ಯಾಂಕ್ ಬಂದವರು ಬಾಯಿ ಕಟ್ಟಿ ನಿಲ್ಲುತ್ತಾರೆ. ಲೈನಿನಲ್ಲೇ ಬೆಳೆದು ಕನ್ನಡ, ತುಳು, ತಮಿಳು, ಹರಕು ಹಿಂದಿ ನಾಲ್ಕನ್ನೂ ಬೆರೆಸುವ ಹುಡುಗಿ ಕೆಲಸ ಮುಗಿಸಿಕೊಂಡು ಬರುತ್ತಾಳೆ.

ಅವಳು ಕೇಳಬೇಕಾದ ಪ್ರಶ್ನೆ ಒಂದಿದೆ: ಮಂಗ ಸತ್ತಿದ್ದು ಕಂಡಿರಾ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ತೋಟದಲ್ಲಿ ಆಳು ಹೆಚ್ಚಿರುವುದೂ ಆ ತಿಂಗಳುಗಳಲ್ಲೇ. ಹೊರಗಿನಿಂದ ಬಂದ ಸಹಪಾಠಿಗೆ ಪರೀಕ್ಷೆಯಲ್ಲಿ ಬರುವ ಶಾರ್ಟ್ ನೋಟ್ ಇದು. ಇಲ್ಲಿಯವಳಿಗೆ, ಅಪ್ಪ ಸೌದೆಗೆ ಹೋಗಿ ಬಂದಮೇಲೆ ಮೈ ನೋಡಿಕೊಂಡರೋ ಇಲ್ಲವೋ ಎಂಬ ಚಿಂತೆ.

ಅರ್ಥಶಾಸ್ತ್ರ ಕಾಂಡ ಚಿಕ್ಕದು, ಆದರೆ ಕಹಿ. ಸಣ್ಣ ಬೆಳೆಗಾರರ ಮನೆಗೆ ದುಡ್ಡು ಬರುವುದು ಕಾಫಿ, ಮೆಣಸು ಒಣಗಿಸಿ ಮಾರಿದ ಮೇಲೆ, ಬೇಸಿಗೆ ಹೊತ್ತಿಗೆ. ಕಾಲೇಜು ಫೀಸು ಕೇಳುವುದು ಮಳೆಗಾಲದ ನಡುವೆ. ಆದ್ದರಿಂದ ಫೀಸಿನ ದುಡ್ಡನ್ನು ಕೊಯ್ಲಿನಲ್ಲೇ ಎತ್ತಿಡಬೇಕು, ರಾಜ್ಯ ಸರ್ಕಾರದ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಯನ್ನು ಮರೆಯದೆ ಹಾಕಬೇಕು.

ತಂದೆತಾಯಂದಿರಲ್ಲಿ ಒಂದು ವಿನಂತಿ. ಸೀಟು ಹಿಡಿಯುವ ಮೊದಲು, ಆ ಕಾಲೇಜಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ವಿಚಾರಿಸಿ. ಮಕ್ಕಳನ್ನು ಕ್ಲಿನಿಕಲ್‌ಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಹಾಸಿಗೆ ಎಷ್ಟು, ಮಲಗಿದ ರೋಗಿಗಳೆಷ್ಟು ಎಂದು ಹೋಗಿ ಕಣ್ಣಾರೆ ನೋಡಿ ಬನ್ನಿ. ಏಜೆಂಟರ ಕೈಗೆ ಮೂಲ ಅಂಕಪಟ್ಟಿ ಕೊಡಬೇಡಿ.