ಆಂಗ್ಲ ಸಾಂತ್ವನ ಶಬ್ದಗಳು: ಒಂದು ಸದಂತ ಅಧ್ಯಯನ

ಈ ಸಂಪ್ರಬಂಧದ ಪ್ರೇರಣೆ ನನ್ನ ಕೆಳದವಡೆಯ ಎಡಬದಿಯ ಒಂದು ಹಲ್ಲು. ಅದಕ್ಕೆ ರೂಟ್ ಕೆನಾಲ್ ಆಗಲೇಬೇಕೆಂದು ತೀರ್ಮಾನವಾದ ದಿನ ವೈದ್ಯರು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ದೀಪವನ್ನು ಮುಖಕ್ಕೆ ತಿರುಗಿಸಿ, ‘ರಿಲ್ಯಾಕ್ಸ್ ಸರ್’ ಎಂದು ಹಲ್ಲಿನ ಬೇರು ಹುಡುಕತೊಡಗಿದರು. ಬಾಯಿ ತೆರೆದು ಮಲಗಿದವನಿಗೆ ಬೇರೆ ಕಸುಬಿಲ್ಲದ್ದರಿಂದ ನಾನು ಶಬ್ದದ ಬೇರು ಹುಡುಕತೊಡಗಿದೆ. ವಿದ್ವಾಂಸರು ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ. ಆದಕಾರಣ ಮುಂದೆ ಬರುವುದು ದಂತಕಥೆಯಲ್ಲ, ಶಾಸ್ತ್ರ.

ಮೊದಲು ರೋಗನಿದಾನ. ‘ಪೇನ್’ ಲ್ಯಾಟಿನ್ನಿನ ‘ಪೊಯೆನಾ’ದ ಸಂತಾನ, ಅರ್ಥ ದಂಡ. ‘ಫಿಯರ್’ ಮೂಲದಲ್ಲಿ ಮನಸ್ಸಿನ ಭಾವವೇ ಅಲ್ಲ, ಹಠಾತ್ತನೆ ಎರಗುವ ಆಪತ್ತು. ‘ವರಿ’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕತ್ತು ಹಿಸುಕು. ಕುರಿಗಳ ಮೇಲೆ ಬೀಳುವ ನಾಯಿಗೆ ಅಲ್ಲಿ ಇಂದಿಗೂ ಇದೇ ಕ್ರಿಯಾಪದ. ಅಂದರೆ ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳುವವನು ಯಾರು? ಆಪತ್ತಿಗೆ ಸಿಕ್ಕಿ, ಕುತ್ತಿಗೆಗೆ ನಾಯಿ ಬಿದ್ದು, ಮೇಲಿಂದ ದಂಡವನ್ನೂ ತೆರಬೇಕಾದವನು. ಇಂಥವನ ನೆರವಿಗೆ ಆ ಭಾಷೆ ಒಂದು ಪಟಾಲಮ್ಮನ್ನೇ ಸಾಕಿಕೊಂಡಿದೆ. 1852ರಲ್ಲಿ ತನ್ನ ಥೆಸಾರಸ್ ಪ್ರಕಟಿಸಿ ಸಮಾನಾರ್ಥಕ ಪದಗಳನ್ನೆಲ್ಲ ವಾರ್ಡುವಾರು ಮಲಗಿಸಿದ ಪೀಟರ್ ಮಾರ್ಕ್ ರೋಜೆ ಸ್ವತಃ ವೈದ್ಯ ಎಂಬುದು ಕಾಕತಾಳೀಯವಿರಲಾರದು.

ಪಟಾಲಮ್ಮಿನ ಮುಂದಾಳು ‘ಅಲೇ’. ಇದು ಅಪ್ಪಟ ಇಂಗ್ಲಿಷ್ ಮನೆತನದ್ದು, ಅರ್ಥ, ಕೆಳಗಿಡು. ‘ಅಲೀವಿಯೇಟ್’ ಲ್ಯಾಟಿನ್ ಕಡೆಯದು. ‘ಲೆವಿಸ್’ ಎಂದರೆ ಹಗುರ. ಇವೆರಡಕ್ಕೂ ರಕ್ತಸಂಬಂಧವಿಲ್ಲ. ಆದರೆ ಹಿಂದಿನ ಬರಹಗಾರರು ‘ಅಲೇ’ಯನ್ನು ಲ್ಯಾಟಿನ್ ಬಳಗದ ಪದಗಳೊಂದಿಗೆ ಬೆರೆಸಿಬಿಟ್ಟರು, ಅದರಿಂದಲೇ ಅದರ ಕಾಗುಣಿತದಲ್ಲಿ ಇನ್ನೊಂದು ‘ಎಲ್’ ಬಂದು ಕೂತಿತು. ಹಗುರ ಮಾಡುವವರ ಸಹವಾಸದಿಂದ ಒಂದಕ್ಷರದ ಭಾರ ಹೆಚ್ಚಿದ್ದು ಶಬ್ದಚರಿತ್ರೆಯಲ್ಲಿ ಅಪರೂಪದ ದುರಂತ. ಬಳಕೆಯಲ್ಲಿ ಮಾತ್ರ ಇಬ್ಬರೂ ಆಸ್ತಿ ಪಾಲು ಮಾಡಿಕೊಂಡಿದ್ದಾರೆ: ಭಯ, ಸಂಶಯ ‘ಅಲೇ’ಗೆ, ನೋವು, ಬಡತನ ‘ಅಲೀವಿಯೇಟ್’ಗೆ. ಬ್ಯಾಂಕ್ ಪರೀಕ್ಷೆಗೆ ಕೂರುವ ನಮ್ಮ ಹುಡುಗರು ಈ ಪಾಲುಪಟ್ಟಿಯನ್ನು ಬೆಳಗಿನ ಜಾವ ಎದ್ದು ಉರುಹೊಡೆಯುತ್ತಾರೆ. ಆ ಉರು ತರುವ ದಿಗಿಲನ್ನು ಯಾವ ಪದದಿಂದ ಇಳಿಸಬೇಕೆಂಬುದನ್ನು ಗೈಡುಗಳು ತಿಳಿಸುವುದಿಲ್ಲ.

‘ಅಸ್ವೇಜ್’ನ ಮೂಲದಲ್ಲಿರುವುದು ಸಿಹಿ. ನನ್ನನ್ನು ಆ ಕುರ್ಚಿಗೆ ತಂದು ಕೆಡವಿದ್ದೂ ಅದೇ. ಪಥ್ಯದ ಕಾರಣ ಈ ಪದವನ್ನು ಇಲ್ಲಿಗೇ ಬಿಡಲಾಗಿದೆ.

‘ಕ್ವೆಲ್’ ವಿಷಯದಲ್ಲಿ ವಿವಾದವಿದೆ. ಭಯವನ್ನು, ದಂಗೆಯನ್ನು ಅಡಗಿಸುವ ಈ ಪದಕ್ಕೆ ಹಳೆಯ ಅರ್ಥ ಕೊಲ್ಲು. ಪೂರ್ವಪಕ್ಷದವರ ಆಕ್ಷೇಪ: ಸಮಾಧಾನ ಹೇಳಲು ಹೊರಟವರಿಗೆ ಕೊಲೆ ಏಕೆ ಬೇಕು? ಸಿದ್ಧಾಂತ: ಅವರು ನಮ್ಮ ಅಜ್ಜಿಯರನ್ನು ನೋಡಿಲ್ಲ. ಮಗು ಎಡವಿ ಬಿದ್ದರೆ ‘ಅಯ್ಯೋ, ಇರುವೆ ಸತ್ತೋಯ್ತು ನೋಡು ಪುಟ್ಟಾ’ ಎಂದು, ಇಲ್ಲದ ಇರುವೆಯೊಂದನ್ನು ಸಾಯಿಸಿ ಇರುವ ಅಳುವನ್ನು ನಿಲ್ಲಿಸುತ್ತಿದ್ದರು. ಅಷ್ಟಕ್ಕೂ ‘ಕ್ವೆಲ್’, ‘ಕೊಲ್’ ಎರಡನ್ನೂ ಒಟ್ಟಿಗೆ ಉಚ್ಚರಿಸಿ ನೋಡಿ. ಇಂಗ್ಲಿಷ್ ಹುಟ್ಟಿದ್ದೇ ಕನ್ನಡದಿಂದ ಎಂದು ಸಾಧಿಸುವುದಕ್ಕೆ ಇಷ್ಟು ಸಾಕು. ಉಳಿದ ಪುರಾವೆ ಇನ್ನೊಂದು ಹಲ್ಲು ಹಾಳಾದ ಮೇಲೆ.

‘ಪ್ಯಾಲಿಯೇಟ್’ ಬಂದದ್ದು ‘ಪ್ಯಾಲಿಯಮ್’ನಿಂದ, ಎಂದರೆ ಮೇಲುಹೊದಿಕೆ. ಕಾಯಿಲೆ ಒಳಗೆ ಹಾಗೇ ಇದೆ, ಮೇಲೊಂದು ಬಟ್ಟೆ ಹೊದೆಸಲಾಗಿದೆ. ಇದನ್ನು ಗೇಲಿ ಮಾಡಲು ಹೊರಟವನು ತಡೆದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮಾಡಿದ್ದು ಇಂಥದ್ದೇ ಕೆಲಸ. ಗುಣವಾಗದವರ ನೋವಿಗೂ ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂದರು ಆಕೆ. ಚಳಿಯಲ್ಲಿ ಮಲಗಿದವನು ಕಂಬಳಿಯ ವ್ಯುತ್ಪತ್ತಿ ಕೇಳುವುದಿಲ್ಲ.

ಇನ್ನು ಈ ಅಧ್ಯಯನದ ಕೇಂದ್ರಶಬ್ದ ‘ಸೂದ್’. ‘ಸೂತ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸತ್ಯ. ಹಾಗಾಗಿ ‘ಸೂದ್’ ಮಾಡುವುದೆಂದರೆ ಮೊದಲು, ಇದು ನಿಜವೆಂದು ಸಾಬೀತುಪಡಿಸುವುದು. ಕಾಲಾಂತರದಲ್ಲಿ ಅದು ಇನ್ನೊಬ್ಬನ ಮಾತಿಗೆ ‘ನಿಜ, ನಿಜ’ ಎನ್ನುವುದಾಯಿತು. ಎಲ್ಲದಕ್ಕೂ ನಿಜ ನಿಜ ಎನ್ನುತ್ತಿದ್ದವನು ಮುಖಸ್ತುತಿಗಾರನಾದ. ಕಡೆಗೆ ಮುಖಸ್ತುತಿ ಕೇಳಿ ತಣ್ಣಗಾದವನ ಸ್ಥಿತಿಗೇ ಆ ಹೆಸರು ನಿಂತಿತು. ಸತ್ಯದಿಂದ ಹೊರಟು, ಪುಸಲಾಯಿಸುವಿಕೆಯ ಮಾರ್ಗವಾಗಿ, ನೆಮ್ಮದಿ ತಲುಪಿದ ಪದ ಇದು. ಹೊರಟ ಊರಿಗೆ ಮತ್ತೆ ಹೋಗಿಲ್ಲ.

ಇದಕ್ಕೆ ಪ್ರತ್ಯಕ್ಷ ಪ್ರಮಾಣ ಕೂಡಲೇ ದೊರೆಯಿತು. ವೈದ್ಯರು ಸೂಜಿ ಎತ್ತಿ, ‘ಏನಿಲ್ಲ ಸರ್, ಇರುವೆ ಕಚ್ಚಿದ ಹಾಗೆ ಆಗುತ್ತೆ’ ಎಂದರು. ಅಜ್ಜಿ ಅಷ್ಟು ವರ್ಷ ಕೊಂದರೂ ಆ ಇರುವೆಯ ವಂಶ ನಾಶವಾಗಿಲ್ಲವೆಂದು ಮರುಕ್ಷಣ ಗೊತ್ತಾಯಿತು. ಆಮೇಲೆ ದವಡೆ ಮರಗಟ್ಟಿತು. ಮರವಾದ ಮೇಲೂ ಬೇರು ನೋಯಬಹುದೇ ಎಂಬ ತಾತ್ತ್ವಿಕ ಪ್ರಶ್ನೆ ಎತ್ತಬೇಕೆಂದಿದ್ದೆ. ಬಾಯಿಂದ ಬಂದದ್ದು ‘ಆ, ಆ’ ಮಾತ್ರ. ಅದನ್ನವರು ಒಪ್ಪಿಗೆಯೆಂದು ತಿಳಿದರು. ಹೀಗೆ ನಾನೂ ಅವರನ್ನು ಹಳೆಯ ಅರ್ಥದಲ್ಲಿ ‘ಸೂದ್’ ಮಾಡಿದೆ.

ಉಳಿದದ್ದು ‘ಪೇ’. ಓದುಗರು ಇದನ್ನು ಸಾಂತ್ವನ ಶಬ್ದವೆಂದು ನಂಬಲಾರರು. ಲ್ಯಾಟಿನ್ನಿನ ‘ಪಾಕಾರೆ’ ಎಂದರೆ ಶಾಂತಗೊಳಿಸು. ಬಾಕಿ ಕೇಳಲು ಬಂದವನನ್ನು ಶಾಂತಗೊಳಿಸುವ ಉಪಾಯ ಒಂದೇ ಆದ್ದರಿಂದ ‘ಪೇ’ಗೆ ಈಗಿನ ಅರ್ಥ ಬಂತು. ಹೊರಗೆ ಕೌಂಟರಿನಲ್ಲಿ ಫೋನು ಹಿಡಿದು ಸ್ಕ್ಯಾನ್ ಮಾಡಿದೆ. ಹಣ ಬಂತೆಂದು ಪುಟ್ಟ ಪೆಟ್ಟಿಗೆ ಕೂಗಿ ಹೇಳಿತು. ಹುಡುಗಿಯ ಮುಖದಲ್ಲಿ ಅದ್ಭುತವಾದ ಶಾಂತಿ ನೆಲೆಸಿತು.

‘ಇನ್ನೆರಡೇ ಸಿಟಿಂಗ್ ಅಂಕಲ್’ ಎಂದಳು, ‘ಟೆನ್ಷನ್ ಮಾಡ್ಕೋಬೇಡಿ.’