ಚೆನ್ನಾಗಿದೆ, ಆದರೆ ನಮ್ಮೂರಿನ ಹಾಗಲ್ಲ

"ಇಲ್ಲೇ ಹತ್ತಿರದಲ್ಲಿ ಥೇಟ್ ನಮ್ಮೂರಿನ ಊಟ ಸಿಗುತ್ತಂತೆ, ಬಾರೋ ಹೋಗೋಣ" ಎಂದು ಗೆಳೆಯನೊಬ್ಬ ಕರೆದರೆ ಹೊಟ್ಟೆಯ ಜೊತೆಗೆ ಕಿವಿಯನ್ನೂ ಖಾಲಿ ಇಟ್ಟುಕೊಂಡು ಹೋಗಬೇಕು. ಹೊಟ್ಟೆಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಊರೂಟ ಹುಡುಕಿಕೊಂಡು ಹೊರಟವನು ಉಣ್ಣಲಿಕ್ಕೆ ಹೊರಟಿದ್ದಾನೆ ಅಂದುಕೊಂಡಿರಾ? ಅವನು ಹೊರಟಿರುವುದು ತೀರ್ಪು ಕೊಡಲಿಕ್ಕೆ. ಆ ತೀರ್ಪಾದರೂ ಮನೆಯಲ್ಲಿ ಚಪ್ಪಲಿ ಮೆಟ್ಟುವಾಗಲೇ ಬರೆದಾಗಿರುತ್ತದೆ. ಎಲೆ ಹಾಸುವುದು, ಬಡಿಸುವುದು, ಉಣ್ಣುವುದು ಎಲ್ಲ ವಿಚಾರಣೆ ನಡೆಯಿತು ಎಂಬ ಶಾಸ್ತ್ರಕ್ಕೆ.

ಬೆಂಗಳೂರಿನಲ್ಲಿ ನೆಲೆಸಿದ ಬಾಗಲಕೋಟೆ ಕಡೆಯವರ ಜೊತೆ ಒಮ್ಮೆ ಖಾನಾವಳಿಗೆ ಹೋಗಿ ನೋಡಿ. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಇನ್ನೇನು ಬೇಕು? ಆದರೆ ನಮ್ಮ ಗೆಳೆಯ ರೊಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತಿ, ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. "ಇದು ಬಡಿದ ರೊಟ್ಟಿ ಅಲ್ಲಲೇ, ಲಟ್ಟಿಸಿದ್ದು." ಹಿಂಡಿ ನೆಕ್ಕಿ, "ಬೆಳ್ಳೊಳ್ಳಿ ಕಡಿಮಿ ಆಗೇತಿ." ಎಣ್ಣೆಗಾಯಿ ಬಾಯಿಗಿಟ್ಟು, "ಬದನಿಕಾಯಿ ನಮ್ಮ ಕಡೀದಲ್ಲ." ಪ್ರತಿ ತಕರಾರಿಗೂ ಒಂದೊಂದು ರೊಟ್ಟಿ ಕರಗುತ್ತಿರುತ್ತದೆ. "ಇನ್ನೊಂದ್ ಹಾಕ್ರಿ" ಎಂದು ಕೈ ಮುಂದೆ ಚಾಚುತ್ತಲೇ ನಾಲಿಗೆ ದೂರು ಹೇಳುತ್ತಿರುತ್ತದೆ. ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ಛಲೋ ಐತ್ರಿ, ಆದ್ರ ನಮ್ಮೂರಾಗಿನಂಗ ಇಲ್ಲ" ಎಂಬ ತೀರ್ಪು. ಗಲ್ಲೆಯಲ್ಲಿ ಕೂತವರೂ ಅದೇ ಸೀಮೆಯವರು, ಪಳಗಿದ ಆಸಾಮಿ. "ಹೌದ್ರಿ, ಇಲ್ಲೀ ನೀರು ಬ್ಯಾರೆ" ಎನ್ನುತ್ತಾ ಚಿಲ್ಲರೆ ಎಣಿಸುತ್ತಾರೆ. ಯಾವ ಸೀಮೆಯ ಊಟದ ಮೊಕದ್ದಮೆಯಾದರೂ ಕೊನೆಯ ಆರೋಪಿ ನೀರೇ. ಪಾಪ, ಅದಕ್ಕೆ ವಕೀಲರಿಲ್ಲ.

ಮಂಗಳೂರಿನವರ ಜೊತೆ ಹೋದರೆ ವಿಚಾರಣೆ ಅಡುಗೆಮನೆ ದಾಟಿ ಸಮುದ್ರಕ್ಕೇ ಇಳಿಯುತ್ತದೆ. ಕಾಣೆ ಫ್ರೈ ಮೇಜಿಗೆ ಬಂದದ್ದೇ ತಡ, "ಎಂತ ಮಾರಾಯ್ರೆ, ಇದು ಐಸಿನ ಮೀನಲ್ವಾ?" ಬೆಂಗಳೂರಿಂದ ಸಮುದ್ರ ಸುಮಾರು 350 ಕಿಲೋಮೀಟರ್ ದೂರ, ಮೀನು ಶಿರಾಡಿ ಘಾಟಿ ಹತ್ತಿ ನಡೆದುಕೊಂಡು ಬರುವುದಿಲ್ಲ, ಐಸಿನಲ್ಲೇ ಮಲಗಿ ಬರಬೇಕು ಎಂದರೆ ಒಪ್ಪುವವರಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮಂಗಳೂರಿನ ಮಾರುಕಟ್ಟೆಗೂ ಎಷ್ಟೋ ಮೀನು ಹೊರರಾಜ್ಯದಿಂದ ಐಸು ಹೊದ್ದುಕೊಂಡೇ ಬರುತ್ತದೆ. ಆದರೆ ಅದನ್ನು ತಾಯಿಮನೆಯ ಜಗಲಿಯಲ್ಲಿ ಕೂತು, ಮಳೆ ನೋಡುತ್ತಾ, ಕುಚ್ಚಲಕ್ಕಿ ಗಂಜಿಯ ಜೊತೆ ತಿಂದರೆ 'ಫ್ರೆಶ್'. ಇನ್ನು ಕೋರಿ ರೊಟ್ಟಿಯ ವಿಷಯದಲ್ಲಿ ಹೋಟೆಲಿನವರಿಗೆ ಬಿಡುಗಡೆಯೇ ಇಲ್ಲ. ರೊಟ್ಟಿ ಗರಿಗರಿಯಾಗಿದ್ದರೆ ಸಾರು ತೆಳು; ಸಾರು ಸರಿಯಾಗಿದ್ದರೆ ರೊಟ್ಟಿ ಮೆತ್ತಗೆ; ಎರಡೂ ಸರಿಯಾಗಿದ್ದರೆ "ರೇಟು ಜಾಸ್ತಿ ಆಯ್ತು ಮಾರಾಯ್ರೆ".

ಮಂಡ್ಯ ಕಡೆಯವರದು ಬೇರೆ ದಾರಿ. ಅವರು ಊಟಕ್ಕಿಂತ ಮೊದಲು ಜೊತೆಗೆ ಬಂದವರನ್ನು ಪರೀಕ್ಷೆಗೆ ಹಾಕುತ್ತಾರೆ. ಮಿಲಿಟರಿ ಹೋಟೆಲಿನಲ್ಲಿ ನಿಮ್ಮ ಮುಂದೆ ಆವಿಯಾಡುವ ಮುದ್ದೆ, ತಲೆಮಾಂಸದ ಸಾರು, ಬೋಟಿ ಗೊಜ್ಜು ಬಂದಿದೆ ಎನ್ನಿ. ನೀವು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ದವಡೆ ಆಡಿಸಿದಿರೋ, ಕೆಟ್ಟಿರಿ. "ಏಯ್, ಅಗೀತಾವ್ನೆ ನೋಡ್ಲಾ!" ಎಂದು ಪಕ್ಕದ ಮೇಜಿನವರಿಗೂ ಕೇಳುವ ಹಾಗೆ ಸುದ್ದಿ. ನಿಮ್ಮನ್ನು ಫೇಲು ಮಾಡಿದ ಮೇಲೆ ಹೋಟೆಲಿನ ಸರದಿ. "ಉಪ್ಸಾರಿನ್ ಖಾರ ಮಿಕ್ಸೀಲಿ ರುಬ್ಬವ್ರೆ ಕಣಣ್ಣ, ನಮ್ಮೂರಲ್ಲಾದ್ರೆ ಒರಳಲ್ಲಿ." ಆತನ ಊರಿನ ಮನೆಯ ಒರಳು ಹಿತ್ತಲಿನಲ್ಲಿ ಕೋಳಿಗಳಿಗೆ ನೀರಿಡುವ ಕೆಲಸಕ್ಕೆ ಬಡ್ತಿ ಪಡೆದು ಎಷ್ಟು ವರ್ಷವಾಯಿತೋ, ಕೇಳಬೇಡಿ.

ಶಿರಸಿ, ಸಿದ್ದಾಪುರದ ಹವ್ಯಕ ಗೆಳೆಯರು ಎಲ್ಲರಿಗಿಂತ ಮೇಲಿನ ಕೋರ್ಟಿನವರು. ತಮ್ಮ ಊಟ ಹೋಟೆಲಿನಲ್ಲಿ ಸಿಗುವುದೇ ಇಲ್ಲ ಎಂಬುದೇ ಅವರ ಮೊದಲ ಹೆಮ್ಮೆ. ಯಾರೋ ಪುಣ್ಯಾತ್ಮರು ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೆಸುವಿನ ಸೊಪ್ಪಿನ ಕರ್ಕಲಿ ಎಂದು ಬೋರ್ಡು ಬರೆಸಿದರೆ ಅವರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು. ಎಲ್ಲಾದರೂ ಚೆನ್ನಾಗಿದ್ದುಬಿಟ್ಟರೆ? ಅದೃಷ್ಟಕ್ಕೆ ಉಪ್ಪಿನಕಾಯಿ ಕೈಹಿಡಿಯುತ್ತದೆ. ಮಿಡಿಯನ್ನು ಮೂಗಿನ ಹತ್ತಿರ ಹಿಡಿದು, "ಜೀರಿಗೆ ಮಿಡಿ ಅಲ್ಲ ಇದು" ಎಂದು ಪಕ್ಕಕ್ಕಿಟ್ಟ ಮೇಲೆ ಅವರ ಮುಖದಲ್ಲಿ ಮೂಡುವ ನೆಮ್ಮದಿ ನೋಡಬೇಕು. ಕೊಡವರು ಇಷ್ಟೆಲ್ಲ ಮಾತಾಡುವವರಲ್ಲ. ಪಂದಿ ಕರಿಯ ಒಂದು ತುಂಡು ತಿಂದು, "ಕಾಚಂಪುಳಿ ಹಾಕಿಲ್ಲ" ಎಂದು ಕಡತ ಮುಚ್ಚುತ್ತಾರೆ.

ಇವರಿಗೆಲ್ಲ ಹೋಲಿಸಲಿಕ್ಕೆ ಒಂದು ಊರಿದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು ಏನು ಮಾಡಬೇಕು? ಅವನೂ ಸೋಲುವವನಲ್ಲ. "ನಮ್ಮೂರಿನ ಹಾಗಿಲ್ಲ" ಎನ್ನಲು ಬಾರದ್ದಕ್ಕೆ ಅವನು "ಮೊದಲಿನ ಹಾಗಿಲ್ಲ" ಎಂಬ ದಾರಿ ಹಿಡಿದಿದ್ದಾನೆ. ಗಾಂಧಿ ಬಜಾರಿನ ದೋಸೆ ಮೊದಲಿನ ಹಾಗಿಲ್ಲ, ಶಂಕರಪುರದ ಇಡ್ಲಿ ಚಟ್ನಿ ಮೊದಲಿನ ಹಾಗಿಲ್ಲ, ಅವರೆಕಾಯಿಗೆ ಸೊಗಡಿಲ್ಲ, ಡಿಸೆಂಬರಿಗೆ ಚಳಿ ಇಲ್ಲ. ಅವನ ಊರು ಎಪ್ಪತ್ತರ ದಶಕದಲ್ಲೆಲ್ಲೋ ಇದೆ. ಅಲ್ಲಿಗೆ ಬಸ್ಸಾಗಲಿ ಮೆಟ್ರೋ ಆಗಲಿ ಇಲ್ಲವಾದ್ದರಿಂದ ಹೋಗಿ ರುಚಿ ನೋಡಿಕೊಂಡು ಬಂದು ಸುಳ್ಳೆನ್ನುವವರಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ 'ನಿಂತುಕೊಂಡು ತಿನ್ನೋದೂ ಒಂದು ತಿನ್ನೋದಾ' ಎಂದು ಮೂಗು ಮುರಿದವರು ಇದ್ದೇ ಇರಬೇಕು. ಈಗ ಅದೇ ನಿಂತು ತಿನ್ನುವ ಸುಖ, ಒನ್ ಬೈ ಟೂ ಕಾಫಿ, ಮುಳುಗಿಸಿದ ಇಡ್ಲಿ ಎಲ್ಲವೂ ಹಳೇ ಬೆಂಗಳೂರಿನ ಪರಂಪರೆಯ ಪಟ್ಟಿ ಸೇರಿವೆ.

ಹಳೇ ಬೆಂಗಳೂರಿಗನಿಗೆ ಇನ್ನೊಂದು ಮಾತು ಮೆತ್ತಗೆ ಹೇಳಬೇಕು. ಅವನ ಊರಿನ ರುಚಿ ಎಂಬುದನ್ನು ಕಟ್ಟಿದವರು ಹೆಚ್ಚಾಗಿ ಘಟ್ಟ ಹತ್ತಿ ಬಂದವರು. 1924ರಲ್ಲಿ ಎಂಟಿಆರ್‌ಗೆ ಮೂಲವಾದ ಹೋಟೆಲು ತೆರೆದ ಮಯ್ಯರು, 1943ರಲ್ಲಿ ವಿದ್ಯಾರ್ಥಿ ಭವನ ಶುರುಮಾಡಿದ ಉರಾಳರು, ಎಲ್ಲರೂ ಉಡುಪಿ, ಕುಂದಾಪುರ ಕಡೆಯವರು. ಅವರ ಮೊದಲ ಗಿರಾಕಿಗಳ ನಡುವೆ ಒಬ್ಬನಾದರೂ ಕರಾವಳಿಯವನು ಕೂತು "ನಮ್ಮ ಉಡುಪಿಯ ಹಾಗಿಲ್ಲ" ಎಂದು ಕಾಫಿ ಹೀರಿರದಿದ್ದರೆ ಕೇಳಿ. ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂದು ಎಂಟಿಆರ್‌ನವರೇ ಹೇಳಿಕೊಂಡು ಬಂದಿದ್ದಾರೆ. ಧಾರವಾಡ ಪೇಡಾ ಮಾಡಿದ್ದು ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ. ದಾವಣಗೆರೆಯ ದೋಸೆಯ ಕಥೆ ಬೆಳಗಾವಿ ಸೀಮೆಯಿಂದ 1928ರಲ್ಲಿ ಬಂದ ಚೆನ್ನಮ್ಮ ಎಂಬ ತಾಯಿಯಿಂದ ಶುರುವಾಗುತ್ತದೆ. ಆಕೆ ಮೊದಲು ಹುಯ್ದದ್ದು ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ, ಬೆಣ್ಣೆ ಎಲ್ಲ ಆಮೇಲಿನ ವೈಭವ. ಮದ್ದೂರು ವಡೆಗೆ ರೈಲ್ವೆ ನಿಲ್ದಾಣವೇ ತೊಟ್ಟಿಲು. ಇನ್ನು ನಮ್ಮ ಬಾಗಲಕೋಟೆಯ ಗೆಳೆಯ ಎದೆ ತಟ್ಟಿಕೊಂಡು ಹೇಳುವ ಹಿಂಡಿಯ ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಅದಕ್ಕೆ ಹಾಕುವ ಮೆಣಸಿನಕಾಯಿಯೂ ಅತ್ತ ಕಡೆಯದೇ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಆ ವಂಶದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿ, ಈಗ ಅದು ಅಪ್ಪಟ ಹಾವೇರಿ ಜಿಲ್ಲೆಯದು. ಹಾಗೆಂದು ಈ ಇತಿಹಾಸವನ್ನು ಊಟದ ಮಧ್ಯೆ ಎತ್ತಬೇಡಿ. ಬಿಲ್ಲು ನಿಮ್ಮ ಕಡೆಗೆ ತಿರುಗುತ್ತದೆ.

ಯಾಕೆ ಈ ಹಟ? ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ. ಬೆಂಗಳೂರಿನ ರೊಟ್ಟಿ ಊರಿನ ರೊಟ್ಟಿಯಷ್ಟೇ ಚೆನ್ನಾಗಿದೆ ಎಂದು ಒಪ್ಪಿಬಿಟ್ಟರೆ ಹಬ್ಬಕ್ಕೆ ರಾತ್ರಿ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಊರಿಗೆ ಹೋಗಲು ಏನು ನೆಪ ಉಳಿಯಿತು? "ಇಲ್ಲೊಂದು ಹೋಟೆಲಿದೆ ಅಮ್ಮಾ, ನಿನ್ನಷ್ಟೇ ಚೆನ್ನಾಗಿ ಸಾರು ಮಾಡ್ತಾರೆ" ಎಂದು ಫೋನಿನಲ್ಲಿ ಹೇಳಬಲ್ಲ ಗಂಡುಮಗ ಯಾವ ಜಿಲ್ಲೆಯಲ್ಲಿದ್ದಾನೆ? ಊರು ಬಿಟ್ಟು ಬಂದವನ ಹತ್ತಿರ ಹೊಲ ಉಳಿದಿರುವುದಿಲ್ಲ, ಮನೆಯಲ್ಲಿ ಅಣ್ಣ ಇರುತ್ತಾನೆ, ವೋಟರ್ ಐಡಿಯೂ ಬೆಂಗಳೂರಿನದಾಗಿರುತ್ತದೆ. ತಾನು ಇನ್ನೂ ಆ ಊರಿನವನೇ ಎಂದು ತೋರಿಸಲು ಉಳಿದಿರುವ ದಾಖಲೆ ಈ ತಕರಾರು ಒಂದೇ. ರೊಟ್ಟಿ ಬಡಿದದ್ದೋ ಲಟ್ಟಿಸಿದ್ದೋ ಎಂದು ಹೇಳಬಲ್ಲವನು ಆ ಸೀಮೆಯವನಲ್ಲದೆ ಮತ್ಯಾರು? ಅದೇ ಮನುಷ್ಯ ಊರಲ್ಲಿದ್ದಾಗ "ದಿನಾ ಇದೇನಾ?" ಎಂದು ತಟ್ಟೆ ದೂಡಿ ಎದ್ದು ಹೋದವನು ಎಂಬುದಕ್ಕೆ ಅವನ ತಾಯಿ ಮಾತ್ರ ಸಾಕ್ಷಿ. ಆಕೆ ಸಾಕ್ಷಿ ಹೇಳುವುದಿಲ್ಲ.

ಹೋಟೆಲಿನವರು ಇದನ್ನೆಲ್ಲ ಎಂದೋ ಅರ್ಥ ಮಾಡಿಕೊಂಡಿದ್ದಾರೆ. ಅದಕ್ಕೇ ಗೋಡೆಗೆ ಮೊರ, ಬಾಗಿಲಲ್ಲಿ ಗಾಡಿ ಚಕ್ರ, ತಲೆಯ ಮೇಲೆ ಲಾಟೀನು, ಬೋರ್ಡಿನಲ್ಲಿ 'ಅಜ್ಜಿಯ ಕೈರುಚಿ'. ಅಜ್ಜಿ ಅಂತೂ ಒಳಗಿಲ್ಲ. ಒಳಗೆ ಅಕ್ಕಿ ರೊಟ್ಟಿ ತಟ್ಟುತ್ತಿರುವವನು ಒಡಿಶಾದ ಹುಡುಗ. ಅವನ ಅಕ್ಕಿ ರೊಟ್ಟಿ ದುಂಡಗೆ, ತೆಳ್ಳಗೆ ಬರುತ್ತದೆ, ಸಬ್ಬಸಿಗೆ ಸೊಪ್ಪಿನ ಲೆಕ್ಕವೂ ತಪ್ಪುವುದಿಲ್ಲ. ಅವನಿಗೂ ಊರಿನ ಪಖಾಳದ ಆಸೆ ಇದ್ದೇ ಇರುತ್ತದೆ, ಅಂದರೆ ನಮ್ಮ ತಂಗಳನ್ನದ ಸೋದರ. ಆದರೆ "ನಮ್ಮೂರಿನ ಹಾಗಿಲ್ಲ" ಎಂದು ಮೂಗು ಮುರಿಯೋಣವೆಂದರೆ ಪಖಾಳ ಬಡಿಸುವ ಹೋಟೆಲೇ ಹತ್ತಿರದಲ್ಲಿ ಇಲ್ಲ. ನೀವು ಅನುಭವಿಸುತ್ತಿರುವ ಸುಖ ಎಷ್ಟು ದೊಡ್ಡದು ಎಂದು ಅವನನ್ನು ಕೇಳಬೇಕು.

ಪಾರ್ಸಲ್ ತರಿಸಿಕೊಂಡರೆ ಆಸೆ ತೀರದಿರುವುದಕ್ಕೂ ಇದೇ ಕಾರಣ. ಆ್ಯಪಿನಲ್ಲಿ ಒತ್ತಿದರೆ ಎಣ್ಣೆಗಾಯಿ ಮನೆಬಾಗಿಲಿಗೆ ಬರುತ್ತದೆ, ಸರಿ. ಬೆಳ್ಳೊಳ್ಳಿ ಕಡಿಮಿ ಆಗೇತಿ ಎಂದು ಯಾರಿಗೆ ಹೇಳುವುದು? ತಂದುಕೊಟ್ಟ ಹುಡುಗ ಆಗಲೇ ಲಿಫ್ಟಿನಲ್ಲಿ ಇಳಿದಾಗಿದೆ. ಹೆಂಡತಿಗೆ ಹೇಳಿದರೆ "ಹಾಗಾದ್ರೆ ನೀವೇ ಮಾಡ್ಕೊಳ್ಳಿ" ಎಂಬ ಉತ್ತರ ಸಿದ್ಧ. ಆ್ಯಪು ಐದು ನಕ್ಷತ್ರ ಕೊಡುತ್ತದೆ, ನಿಜ, ಆದರೆ ತಾಯಿಯ ಕೈ, ಊರಿನ ನೀರು, ಒರಳಿನ ಖಾರ ಎಲ್ಲವನ್ನೂ ನಕ್ಷತ್ರದಲ್ಲಿ ಹೇಳುವುದು ಹೇಗೆ? ಅದಕ್ಕೆ ಎದುರಿಗೆ ಮನುಷ್ಯ ಬೇಕು, ಅವನ ತಟ್ಟೆ ಅರ್ಧ ಖಾಲಿಯಾಗಿ ಎದ್ದು ಹೋಗಲಾಗದ ಸ್ಥಿತಿಯಲ್ಲಿ ಅವನಿರಬೇಕು.

ಇಷ್ಟು ಜಗಳದ ನಡುವೆಯೂ ಇಡೀ ಕರ್ನಾಟಕ ತಕರಾರಿಲ್ಲದೆ ತಿನ್ನುವ ತಿಂಡಿ ಒಂದಿದೆ: ಗೋಬಿ ಮಂಚೂರಿ. ಬೀದರಿನಿಂದ ಚಾಮರಾಜನಗರದವರೆಗೆ ಬಸ್ ಸ್ಟ್ಯಾಂಡಿನ ಎದುರು, ಜಾತ್ರೆಯ ತೇರಿನ ಹಿಂದೆ, ಕಾಲೇಜಿನ ಗೇಟಿನ ಪಕ್ಕದಲ್ಲಿ ಅದೇ ತಳ್ಳುಗಾಡಿ, ಅದೇ ಬಾಣಲೆ, ಅದೇ ಕೆಂಪು. 1956ರ ಏಕೀಕರಣ ನಕ್ಷೆಯಲ್ಲಿ ಮಾಡಿದ್ದನ್ನು ಇದು ನಾಲಿಗೆಯ ಮೇಲೆ ಮಾಡಿತು. "ನಮ್ಮೂರಿನ ಗೋಬಿಯೇ ಬೇರೆ" ಎಂದು ಯಾರೂ ಬಡಿದಾಡಿದ್ದು ಕೇಳಿಲ್ಲ. 2024ರ ಮಾರ್ಚಿನಲ್ಲಿ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಎಂದು ನಿಷೇಧಿಸಿತು. ಒಳ್ಳೆಯದೇ ಆಯಿತು, ಹೊಟ್ಟೆಗೆ ಹೋಗಬಾರದ ಬಣ್ಣ ಅದು. ಆದರೆ ಈಗ ತಳ್ಳುಗಾಡಿಯ ಮುಂದೆ ನಿಂತ ಕಾಲೇಜು ಹುಡುಗರೂ ಟೂತ್‌ಪಿಕ್ಕಿನಲ್ಲಿ ಚುಚ್ಚಿ ಎತ್ತಿ, "ಮೊದಲಿನ ಹಾಗಿಲ್ಲ ಮಗಾ" ಅನ್ನತೊಡಗಿದ್ದಾರೆ. ಇನ್ನು ಮೂವತ್ತು ವರ್ಷ ಕಳೆಯಲಿ, ಅವರೂ ಪಕ್ಕಾ ಹಿರಿಯರಾಗುತ್ತಾರೆ.

ಆದ್ದರಿಂದ ಊರೂಟದ ಹೋಟೆಲು ಇಟ್ಟವರಿಗೆ ನನ್ನದೊಂದು ಪುಕ್ಕಟೆ ಸಲಹೆ. ರುಚಿ ಸುಧಾರಿಸುವ ಗೋಜಿಗೆ ಹೋಗಬೇಡಿ, ಅದರಿಂದ ಗಿರಾಕಿಗೆ ನಿರಾಸೆಯಾಗುತ್ತದೆ. ದರಪಟ್ಟಿಯಲ್ಲಿ ಎರಡು ಸಾಲು ಸೇರಿಸಿ: ತಕರಾರು ಸಹಿತ ಊಟ, 200 ರೂಪಾಯಿ, ತಕರಾರು ರಹಿತ ಊಟ, 100 ರೂಪಾಯಿ. ಎರಡನೆಯದಕ್ಕೆ ಅಡುಗೆ ಮಾಡಿಸುವ ಅಗತ್ಯವಿಲ್ಲ.